ಕೆರೆಯ ಕಳೆ

ಕನ್ನಡದಲ್ಲಿ ‘ಕಳೆ’ ಎಂದರೆ ಕಿತ್ತೆಸೆಯಬೇಕಾದ ಗಿಡವೂ ಹೌದು, ಮುಖದ ಮೇಲಿನ ಕಾಂತಿಯೂ ಹೌದು. ಕೆರೆ ಶುಚಿ ಮಾಡಲೆಂದು ಹಿಟಾಚಿ ಇಳಿಸುವವರಿಗೆ ಮೊದಲನೆಯ ಅರ್ಥವೊಂದೇ ಗೊತ್ತು. ಜೊಂಡು, ನೈದಿಲೆ, ನೀರೊಳಗೆ ತೂಗುವ ಎಳೆಗಿಡ ಎಲ್ಲವೂ ಒಂದೇ ಲಾರಿ ಹತ್ತುತ್ತವೆ. ಬರಿನೀರು ಹೊಳೆದರೆ ಕೆಲಸ ಮುಗಿಯಿತು, ಫೋಟೊ ತೆಗೆಸಿಕೊಳ್ಳಬಹುದು. ಗಿಡವಿಲ್ಲದ ಕೆರೆ ಶುಚಿಯಾದ ಕೆರೆಯೇ? ನಾನು ಒಪ್ಪುವುದಿಲ್ಲ.

ಆಳವಿಲ್ಲದ ಕೆರೆ ಎರಡು ಬಗೆಯಲ್ಲಿ ನೆಲೆ ನಿಲ್ಲಬಲ್ಲದು: ಗಿಡ ತುಂಬಿದ ತಿಳಿನೀರಾಗಿ, ಇಲ್ಲವೇ ಪಾಚಿ ತುಂಬಿದ ಹಸಿರು ಬಗ್ಗಡವಾಗಿ. ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ 1990ರ ದಶಕದಲ್ಲಿ ಇದನ್ನು ವಿವರಿಸಿದರು. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಮುಳುಗುಗಿಡಗಳು ತಳದ ಹೂಳು ಕದಡದಂತೆ ಹಿಡಿದಿಡುತ್ತವೆ. ಪಾಚಿಯ ಪಾಲಾಗಬೇಕಿದ್ದ ಸಾರಜನಕ, ರಂಜಕವನ್ನು ತಾವು ಉಣ್ಣುತ್ತವೆ. ಪಾಚಿ ಮೇಯುವ ಸಣ್ಣ ನೀರುಜೀವಿಗಳಿಗೆ ಮೀನಿನ ಬಾಯಿಂದ ಮರೆ ಕೊಡುತ್ತವೆ. ಅವನ್ನು ಬಾಚಿ ತೆಗೆದರೆ ಕೆರೆ ಬಗ್ಗಡದ ಕಡೆ ವಾಲುತ್ತದೆ. ಮತ್ತೆ ತಿಳಿಗೊಳಿಸುವುದು ಸುಲಭವಲ್ಲ. ನಾವೋ ಈ ಗಿಡಗಳನ್ನೂ ‘ಪಾಚಿ’ ಎಂದೇ ಕರೆಯುತ್ತೇವೆ. ಕಾಯುವವನಿಗೇ ಕಳ್ಳನ ಹೆಸರು!

ಹಾಗಾದರೆ ಏನನ್ನೂ ಕೀಳಬಾರದೇ? ಕೀಳಬೇಕು. ಜನ ಅಂತರಗಂಗೆ ಎನ್ನುವ, ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ್ದು. ಅದರ ಕಾಟ ತಾಳಲಾರದೆ ಬಂಗಾಳ 1936ರಲ್ಲಿ ಕಾಯಿದೆಯನ್ನೇ ತಂದಿತು. ನಮ್ಮಲ್ಲಿ ಸಾಧುವಾಗಿರುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜೊತೆ ಫ್ಲಾರಿಡಾ ಸೇರಿ, ಅಲ್ಲಿನ ನದಿ ಕಾಲುವೆಗಳಲ್ಲಿ ದೋಣಿ ಹೋಗದಂತೆ ಹಬ್ಬಿತು. ಆದ್ದರಿಂದ ಕೀಳುವ ಮೊದಲು ಎರಡು ಮಾತು ಕೇಳಬೇಕು: ಈ ಗಿಡ ಯಾವೂರಿನದು, ಏನನ್ನು ತಿಂದು ಕೊಬ್ಬಿದೆ? ಬೆಳ್ಳಂದೂರು ಕೆರೆಯಲ್ಲಿ ಹಯಸಿಂತನ್ನು ಸಾಕಿದ್ದು ಬೆಂಗಳೂರಿನ ಚರಂಡಿ. ಎಲೆ ಹಾಕಿ ಬಡಿಸುತ್ತಲೇ ಇದ್ದರೆ ಪಂಕ್ತಿ ಏಳುವುದು ಹೇಗೆ?

ಕಂಡ ಗಿಡವನ್ನೆಲ್ಲ ಕೀಳುವುದಕ್ಕಿಂತ ದೊಡ್ಡ ತಪ್ಪೆಂದರೆ ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಬಟ್ಟಲಿನಂತೆ ತೋಡಿ ಸುತ್ತ ಕಲ್ಲು ಕಟ್ಟುವುದು. ಹಳೆಯ ಕೆರೆಗಳಿಗೆ ಆಳವಿದ್ದುದು ಏರಿಯ ಬಳಿ. ಆಚೆ ಬದಿಯ ಅಂಗಳ ನಿಧಾನವಾಗಿ ಏರುತ್ತ ಹೊಲಕ್ಕೆ ಸೇರುತ್ತಿತ್ತು. ಅಲ್ಲಿನ ಮೊಣಕಾಲುದ್ದದ ನೀರಿನಲ್ಲೇ ಬಿಸಿಲು ತಳ ಮುಟ್ಟಿ ಗಿಡ ಮೊಳೆಯುವುದು, ಜಂಬುಕೋಳಿ ಜೊಂಡಿನಲ್ಲಿ ಗೂಡು ಕಟ್ಟುವುದು, ದೇವನಕ್ಕಿ ತೇಲುವ ಎಲೆಗಳ ಮೇಲೆ ಮೊಟ್ಟೆಯಿಡುವುದು. ಬಟ್ಟಲಿಗೆ ಅಂಗಳವಿರುವುದಿಲ್ಲ.

ಆರಿಸಿ ಕೀಳುವುದು ಆಗದ ಮಾತೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆಕೊಳವನ್ನು ಸಾಲ್ವಿನಿಯಾ ಎಂಬ ಪರದೇಶಿ ಜರಿಗಿಡ ಮುಚ್ಚಿತ್ತು. ವಿಜ್ಞಾನಿಗಳು ಅದರ ತವರಿನದೇ ಆದ ಒಂದು ಮೂತಿಹುಳುವನ್ನು ಬಿಟ್ಟರು. ಸಾಲ್ವಿನಿಯಾವನ್ನಷ್ಟೇ ನೆಚ್ಚಿದ ಹುಳು ಅದು. 11 ತಿಂಗಳಲ್ಲಿ ಜರಿ ಅಡಗಿತು. ಅದರಡಿ ನಲುಗಿದ್ದ ನೈದಿಲೆ ಮತ್ತೆ ಚಿಗುರಿತು.