ಒರಾಂಗುಟಾನ್‌ನ ಅರಿವು, ನಮ್ಮ ಅಡುಗೆಯ ಎಣ್ಣೆ

ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಕಾಡಿನಲ್ಲಿ 2022ರ ಜೂನ್‌ನಲ್ಲಿ ಗಂಡು ಒರಾಂಗುಟಾನ್ ಒಂದರ ಮುಖಕ್ಕೆ ಗಾಯವಾಗಿತ್ತು. ಅದು ಬಳ್ಳಿಯೊಂದರ ಎಲೆಗಳನ್ನು ಅಗಿದು, ರಸವನ್ನು ಮತ್ತೆ ಮತ್ತೆ ಗಾಯಕ್ಕೆ ಸವರಿ, ಕೊನೆಗೆ ಅಗಿದ ಎಲೆಯನ್ನೇ ಅದರ ಮೇಲೆ ಮೆತ್ತಿಕೊಂಡಿತು. ಅದು ಸ್ಥಳೀಯರು ಔಷಧಿಯಾಗಿ ಬಳಸುವ ಬಳ್ಳಿ. ಕೆಲವೇ ದಿನಗಳಲ್ಲಿ ಗಾಯ ಮುಚ್ಚಿಕೊಂಡಿತು. 2024ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನ ಗಮನ ಸೆಳೆಯಿತು.

ಮಹಾವಾನರಗಳ ಬುದ್ಧಿಶಕ್ತಿಯ ಬಗೆಗಿನ ನಮ್ಮ ತಿಳಿವಳಿಕೆ ಆರು ದಶಕಗಳಲ್ಲಿ ಬಹಳ ಬದಲಾಗಿದೆ. ಚಿಂಪಾಂಜಿಗಳು ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿಯುವುದನ್ನು ಜೇನ್ ಗುಡಾಲ್ 1960ರಲ್ಲಿ ಟಾಂಜಾನಿಯಾದ ಗೊಂಬೆಯಲ್ಲಿ ಕಂಡರು. ಬೊನೊಬೊ ಮತ್ತು ಒರಾಂಗುಟಾನ್‌ಗಳು ಮುಂದೆ ಬೇಕಾಗುವ ಸಲಕರಣೆಯನ್ನು ಗಂಟೆಗಳ ಮೊದಲೇ ಆಯ್ದು ಜೋಪಾನ ಮಾಡಬಲ್ಲವೆಂದು 2006ರ ಪ್ರಯೋಗ ತೋರಿಸಿತು. ಎದುರಿನ ವ್ಯಕ್ತಿಯ ತಪ್ಪು ನಂಬಿಕೆಯನ್ನು ಗ್ರಹಿಸಿ, ಆತ ವಸ್ತುವನ್ನು ಎಲ್ಲಿ ಹುಡುಕುತ್ತಾನೆಂಬುದನ್ನು ಈ ಪ್ರಾಣಿಗಳು ಮುಂಚಿತವಾಗಿ ಊಹಿಸಬಲ್ಲವು ಎಂಬುದಕ್ಕೆ 2016ರಲ್ಲಿ ಪುರಾವೆ ದೊರೆಯಿತು.

ಹಾಗೆಂದು ಉತ್ಪ್ರೇಕ್ಷೆ ಸಲ್ಲದು. ಸನ್ನೆಭಾಷೆ ಕಲಿತ ಚಿಂಪಾಂಜಿ ಮನುಷ್ಯರಂತೆ ವಾಕ್ಯ ರಚಿಸುತ್ತದೆಂಬ ವಾದವನ್ನು 1979ರಲ್ಲಿ ಅದರ ಮೇಲೆ ಪ್ರಯೋಗ ನಡೆಸಿದ ವಿಜ್ಞಾನಿಗಳೇ ತಳ್ಳಿಹಾಕಿದರು. ಆದರೆ ಒಂದು ಅಂಶ ಗಟ್ಟಿಯಾಗಿ ನಿಂತಿದೆ: ಈ ಜೀವಿಗಳ ಅರಿವಿನ ದೊಡ್ಡ ಪಾಲು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಒರಾಂಗುಟಾನ್ ಮರಿ ಏಳೆಂಟು ವರ್ಷ ತಾಯಿಯ ಜೊತೆಗಿದ್ದು ಯಾವ ಹಣ್ಣು, ಯಾವ ಕಾಲ, ಯಾವ ಮರ ಎಂಬುದನ್ನು ನೋಡಿ ಕಲಿಯುತ್ತದೆ. ಸುಮಾತ್ರಾದ ಒಂದು ಕಾಡಿನ ಒರಾಂಗುಟಾನ್‌ಗಳು ಚುಚ್ಚುವ ರೋಮಗಳಿರುವ ಹಣ್ಣಿನಿಂದ ಕಡ್ಡಿ ಬಳಸಿ ಬೀಜ ತೆಗೆಯುತ್ತವೆ. ಅದೇ ಮರವಿರುವ ಬೇರೆ ಕಾಡಿನವುಗಳಿಗೆ ಆ ಉಪಾಯ ಗೊತ್ತಿಲ್ಲ. ಇಂತಹ ಪ್ರಾದೇಶಿಕ ಪರಂಪರೆಗಳನ್ನು 2003ರ ಅಧ್ಯಯನವೊಂದು ಪಟ್ಟಿ ಮಾಡಿದೆ.

ಆದ್ದರಿಂದ ಕಾಡು ಕಡಿದಾಗ ನಾಶವಾಗುವುದು ಕೇವಲ ಪ್ರಾಣಿಗಳ ಸಂಖ್ಯೆಯಲ್ಲ, ತಲೆಮಾರುಗಳಿಂದ ಹರಿದುಬಂದ ತಿಳಿವಳಿಕೆ. ಮೃಗಾಲಯದಲ್ಲಿ ಜೀವ ಉಳಿಸಬಹುದು, ಪರಂಪರೆಯನ್ನು ಉಳಿಸಲಾಗದು. 1999ರಿಂದ 2015ರ ಅವಧಿಯಲ್ಲಿ ಬೋರ್ನಿಯೊ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳನ್ನು ಕಳೆದುಕೊಂಡಿತು. ಬೇಟೆ, ಮರಕಡಿತ, ಗಣಿ ಹಾಗೂ ತಾಳೆ ತೋಟಗಳು ಇದಕ್ಕೆ ಕಾರಣ. 2017ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ತಪನೂಲಿ ಒರಾಂಗುಟಾನ್‌ಗಳ ಸಂಖ್ಯೆ ಎಂಟುನೂರಕ್ಕಿಂತ ಕಡಿಮೆ.

ಇಲ್ಲಿ ನಮ್ಮ ಪಾತ್ರವೂ ಇದೆ. ತಾಳೆ ಎಣ್ಣೆಯ ಅತಿದೊಡ್ಡ ಆಮದುದಾರ ದೇಶ ಭಾರತ; ಅದರ ಬಹುಪಾಲು ಬರುವುದು ಇಂಡೊನೇಷ್ಯಾ ಮತ್ತು ಮಲೇಷ್ಯಾಗಳಿಂದ. ಬೇಕರಿಯ ಬಿಸ್ಕತ್ತಿನಿಂದ ಬೀದಿಬದಿಯ ಬೋಂಡಾವರೆಗೆ ಅದು ವ್ಯಾಪಿಸಿದೆ. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚ ಎನ್ನುತ್ತದೆ: ಕೊಳ್ಳುವವನು ತೆರುವ ಬೆಲೆಯಲ್ಲಿ ಕಾಡಿನ ನಷ್ಟ ಸೇರಿರುವುದಿಲ್ಲ.

ನಿಷೇಧ ಇದಕ್ಕೆ ಪರಿಹಾರವಲ್ಲ. ಹೆಕ್ಟೇರಿಗೆ ಅತಿ ಹೆಚ್ಚು ಎಣ್ಣೆ ಕೊಡುವ ಬೆಳೆ ತಾಳೆಯೇ. ಅದರ ಬದಲಿಗೆ ಸೋಯಾ ಬೆಳೆಯಲು ಇನ್ನೂ ಹೆಚ್ಚು ಭೂಮಿ ಬೇಕು. ಬಡವರ ಬಾಣಲೆಗೆ ಎಟಕುವ ಎಣ್ಣೆಯೂ ಅದೇ. ಆದರೆ 2020ರ ನಂತರ ಕಾಡು ಕಡಿದ ನೆಲದ ತಾಳೆ ಎಣ್ಣೆಗೆ ಮಾರುಕಟ್ಟೆ ನಿರಾಕರಿಸುವ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿತು. ಜಾರಿ ಮಾತ್ರ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು. ಅದು ಜಾರಿಯಾದಾಗ ಅಲ್ಲಿ ತಿರಸ್ಕೃತವಾದ ಎಣ್ಣೆ ಪ್ರಶ್ನೆ ಕೇಳದ ಮಾರುಕಟ್ಟೆಯತ್ತ ಹರಿಯುವುದು ಸಹಜ. ಆ ಮಾರುಕಟ್ಟೆ ನಾವಾಗಬಾರದು.

ಬೆಲೆ ಮತ್ತು ರೈತರ ಹಿತ ನೋಡಿ ಕೇಂದ್ರ ಸರ್ಕಾರ ಖಾದ್ಯ ತೈಲದ ಆಮದು ಸುಂಕವನ್ನು ಆಗಾಗ ಪರಿಷ್ಕರಿಸುತ್ತಲೇ ಇರುತ್ತದೆ. ಅದೇ ಅಸ್ತ್ರವನ್ನು ಬಳಸಿ, ಮೂಲದ ತೋಟ ಯಾವುದೆಂದು ದಾಖಲೆಯಿರುವ ಎಣ್ಣೆಗೆ ಕಡಿಮೆ ಸುಂಕ, ದಾಖಲೆಯಿಲ್ಲದ್ದಕ್ಕೆ ತುಸು ಹೆಚ್ಚು ಸುಂಕ ವಿಧಿಸಬಹುದು. ಉಪಗ್ರಹ ಚಿತ್ರಗಳ ಈ ಕಾಲದಲ್ಲಿ ಮೂಲದ ತಪಾಸಣೆ ಅಸಾಧ್ಯವೇನಲ್ಲ. ವಾನರನ ಬುದ್ಧಿಯನ್ನು ಅಳೆಯಲು ನಾವು ನೂರು ಪರೀಕ್ಷೆಗಳನ್ನು ಒಡ್ಡಿದ್ದೇವೆ. ಈ ಸುಂಕದ ಪಟ್ಟಿ ನಮ್ಮ ಬುದ್ಧಿಗೆ ಒಡ್ಡಿದ ಪರೀಕ್ಷೆ.