ಸೊಂಟಕ್ಕೊಂದು ಸೂಜಿ

"ಸೂಜಿ ಹಾಕದ ಡಾಕ್ಟ್ರು ಎಂಥಾ ಡಾಕ್ಟ್ರು?" ಈ ಮಾತು ಕೇಳದವರು ನಮ್ಮಲ್ಲಿ ಕಮ್ಮಿ. ಬರೀ ಮಾತ್ರೆ ಬರೆದುಕೊಟ್ಟರೆ ಬಸ್ ಸ್ಟ್ಯಾಂಡಿನ ತನಕ ಗೊಣಗಿಕೊಂಡು ಹೋಗುತ್ತಾರೆ. ಸೂಜಿ ಚುಚ್ಚಿದವರಿಗೆ ಮಾತ್ರ "ಕೈಗುಣ" ಇರುತ್ತೆ. ಫಿಸಿಯೋಥೆರಪಿ ನನ್ನ ಹೊಟ್ಟೆಪಾಡು, ಹಾಗಾಗಿ ಆ ಕೈಗುಣದ ಇನ್ನೊಂದು ಮುಖ ಆಗಾಗ ನನ್ನ ಟೇಬಲ್ಲಿನ ಮೇಲೆ ಬಂದು ಮಲಗುತ್ತದೆ.

ಕತೆ ಹೆಚ್ಚುಕಮ್ಮಿ ಒಂದೇ. ಜ್ವರ ಅಥವಾ ಮೈಕೈ ನೋವು, ಸೊಂಟಕ್ಕೆ ಒಂದು ಇಂಜೆಕ್ಷನ್. (ಸೊಂಟ ಅನ್ನೋದು ನಮ್ಮ ಮರ್ಯಾದೆಯ ಮಾತು, ಚುಚ್ಚೋದು ಅದಕ್ಕಿಂತ ಕೆಳಗೆ!) ಚುಚ್ಚಿದ ಕೂಡಲೇ ಕಾಲಿನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ನೋವು. ಆಮೇಲೆ ನೋಡಿದರೆ ಪಾದ ಮೇಲೆತ್ತಲು ಆಗುವುದಿಲ್ಲ, ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ಎಡವದಿರಲಿ ಅಂತ ಮಂಡಿಯನ್ನು ಎತ್ತಿ ಎತ್ತಿ ಇಡಬೇಕು. ಇದಕ್ಕೆ ಫುಟ್ ಡ್ರಾಪ್ ಅಂತಾರೆ.

ಆಗಿದ್ದೇನು? ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದಪ್ಪನೆಯ ನರ ಸಯಾಟಿಕ್ ನರ. ಅದು ಪೃಷ್ಠದ ಒಳಗಿನಿಂದ ಹಾದು ತೊಡೆಯ ಹಿಂದೆ ಇಳಿಯುತ್ತದೆ. ಪೃಷ್ಠವನ್ನು ನಾಲ್ಕು ಭಾಗ ಮಾಡಿಕೊಂಡರೆ ಮೇಲಿನ ಹೊರಗಿನ ಭಾಗದಲ್ಲಿ ಚುಚ್ಚಬೇಕು ಅಂತ ಎಲ್ಲರಿಗೂ ಕಲಿಸಿರುತ್ತಾರೆ. ಸ್ವಲ್ಪ ಕೆಳಗೆ, ಸ್ವಲ್ಪ ಒಳಗೆ ಹೋದರೆ ನರವೇ ಸಿಗುತ್ತದೆ. ಮೈಯಲ್ಲಿ ಮಾಂಸವೇ ಇಲ್ಲದ ಸಣಕಲು ಮಗುವಿನಲ್ಲಂತೂ ಅಂತರ ಬಹಳ ಕಮ್ಮಿ.

ತುಂಬಾ ಜನ ಸೂಜಿ ನರಕ್ಕೆ ತಾಗಿದ್ದೇ ತೊಂದರೆ ಅಂದುಕೊಳ್ಳುತ್ತಾರೆ. ಸೂಜಿಯ ಗಾಯ ಸಣ್ಣದು. ಹೆಚ್ಚು ಹಾಳು ಮಾಡೋದು ಒಳಗೆ ಬಿಟ್ಟ ಔಷಧಿ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದನ್ನು ನೋಡಿದ್ದಾರೆ: ನರದ ಎಳೆಗಳ ಕಟ್ಟಿನೊಳಗೆ ಬರೀ ಉಪ್ಪುನೀರು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ಪೆನಿಸಿಲಿನ್, ಡಯಾಜೆಪಾಮ್‌ನಂಥ ಔಷಧಿ ಬಿಟ್ಟರೆ ಎಳೆಗಳೂ ಅವುಗಳ ಮೇಲಿನ ಮಯಲಿನ್ ಹೊದಿಕೆಯೂ ನಾಶವಾದವು. ಅಂದರೆ ಮಾಂಸಕ್ಕೆ ಹೋದರೆ ಮದ್ದು, ನರಕ್ಕೆ ಹೋದರೆ ವಿಷ. ಸತ್ತ ಎಳೆ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ದೊಡ್ಡವರಲ್ಲಿ ಪೃಷ್ಠದಿಂದ ಮಂಡಿಯ ಕೆಳಗಿನ ಸ್ನಾಯು ತಲುಪಬೇಕಾದರೆ ವರ್ಷ ದಾಟುತ್ತದೆ. ನಡುವೆ ಗಾಯದ ಗಂಟು ಕಟ್ಟಿಕೊಂಡರೆ ತಲುಪುವುದೇ ಇಲ್ಲ.

ಇನ್ನೊಂದಿದೆ, ಅಪರೂಪದ್ದು: ಡೈಕ್ಲೋಫೆನಾಕ್‌ನಂಥ ಇಂಜೆಕ್ಷನ್ ಕೊಟ್ಟ ಜಾಗದ ಚರ್ಮವೇ ನೀಲಿಗಟ್ಟಿ ಸತ್ತುಹೋಗೋದು. ನಿಕೊಲಾವ್ ಸಿಂಡ್ರೋಮ್ ಅಂತ ಹೆಸರು. 1920ರ ದಶಕದಲ್ಲಿ ಸಿಫಿಲಿಸ್‌ಗೆ ಬಿಸ್ಮತ್ ಚುಚ್ಚುತ್ತಿದ್ದಾಗ ಮೊದಲು ಗುರುತಿಸಿದ್ದು.

ಈಗ ನನ್ನ ಸಿಟ್ಟಿನ ವಿಷಯ. ನನ್ನ ಹತ್ತಿರ ಬಂದವರಲ್ಲಿ ಮುಕ್ಕಾಲು ಪಾಲು ಜನರಿಗೆ ಆ ಇಂಜೆಕ್ಷನ್ ಬೇಕಾಗಿಯೇ ಇರಲಿಲ್ಲ. ವಾಂತಿ ಇಲ್ಲದೆ ಊಟ ಮಾಡುತ್ತಿರುವ ಮನುಷ್ಯನಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಸಾಕು. "ಶಕ್ತಿಗೆ" ಅಂತ ಹಾಕಿಸಿಕೊಳ್ಳುವ ಆ ಕೆಂಪು ಸೂಜಿ ಇದೆಯಲ್ಲ, ಅದರ ಕೆಂಪು ಬಿ12 ವಿಟಮಿನ್‌ನದ್ದು, ರಕ್ತಕ್ಕೂ ಅದಕ್ಕೂ ಬಣ್ಣದ ಸಂಬಂಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 1600 ಕೋಟಿ ಇಂಜೆಕ್ಷನ್. ಅದರಲ್ಲಿ ಲಸಿಕೆಗಳು 5% ಮಾತ್ರ. ಎಷ್ಟೋ ಇಂಜೆಕ್ಷನ್ನಿನ ಬದಲು ಮಾತ್ರೆ ಸಾಕಿತ್ತು ಅಂತಲೂ ಅವರೇ ಹೇಳಿದ್ದರು.

"ಪೇಶೆಂಟೇ ಕೇಳ್ತಾರೆ, ಕೊಡದಿದ್ರೆ ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರೆ" ಅನ್ನೋ ಉತ್ತರ ನನಗೆ ಗೊತ್ತು. ಒಪ್ಪಲ್ಲ. ಕೇಳುವವರಿಗೆ ನರ ಎಲ್ಲಿದೆ ಅಂತ ಗೊತ್ತಿಲ್ಲ, ಚುಚ್ಚುವವರಿಗೆ ಗೊತ್ತಿರಬೇಕು. ಓದದೇ ಬ್ಯಾಗ್ ಹಿಡಿದು ಓಡಾಡುವವರ ಮಾತು ಬಿಡಿ, ಅದು ಪೊಲೀಸರ ಕೆಲಸ.

ಮಕ್ಕಳಲ್ಲಿ ಇನ್ನೂ ಒಂದು ಫಜೀತಿ. 15 ವರ್ಷದೊಳಗಿನ ಮಗುವಿನ ಕಾಲು ಹಠಾತ್ತನೆ ಸೋತರೆ ಪೋಲಿಯೋ ಇರಬಹುದಾ ಅಂತ ಸರ್ಕಾರದವರು ಮಲದ ಮಾದರಿ ತೆಗೆದುಕೊಂಡು ಹೋಗುತ್ತಾರೆ. ಭಾರತ ಪೋಲಿಯೋ ಮುಕ್ತ ಅಂತ 2014ರಲ್ಲಿ ಘೋಷಣೆಯಾದ ಮೇಲೂ ಈ ಕಾವಲು ನಿಂತಿಲ್ಲ, ನಿಲ್ಲಲೂಬಾರದು. ತಾಯಿ ಗಾಬರಿಯಾಗುತ್ತಾಳೆ, ಆಮೇಲೆ ನೋಡಿದರೆ ಇಂಜೆಕ್ಷನ್ನಿನ ಕೆಲಸ. ಪುಟ್ಟ ಮಕ್ಕಳಿಗೆ ಲಸಿಕೆಯನ್ನು ತೊಡೆಯ ಹೊರಭಾಗಕ್ಕೆ ಕೊಡೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಚುಚ್ಚುವಾಗ ಕಾಲಿಗೆ ಮಿಂಚಿನಂಥ ನೋವು ಹರಿದರೆ ಹಲ್ಲು ಕಚ್ಚಿ ಸುಮ್ಮನಿರಬೇಡಿ, ಕೂಗಿ ನಿಲ್ಲಿಸಿ. ಪಾದ ಎತ್ತಲಾಗದಿದ್ದರೆ ನರರೋಗ ತಜ್ಞರ ಹತ್ತಿರ ಹೋಗಿ, ಪಾದಕ್ಕೆ ಸ್ಪ್ಲಿಂಟ್ ಹಾಕಿಸಿ, ವ್ಯಾಯಾಮ ಶುರು ಮಾಡಿ. ಸುಮಾರು ಮೂರು ವಾರದ ನಂತರ ಮಾಡುವ ನರದ ಪರೀಕ್ಷೆಯಲ್ಲಿ ಪೆಟ್ಟು ಎಷ್ಟು ಅಂತ ತಿಳಿಯುತ್ತದೆ. ಕೆಲವು ತಿಂಗಳಾದರೂ ಚೇತರಿಕೆ ಕಾಣದಿದ್ದರೆ ಆಪರೇಷನ್ನಿನ ಯೋಚನೆ. ಮನೆಯಲ್ಲಿ ಅಜ್ಜಿಯರು ಶಾಖ ಕೊಡಲು ಬಿಸಿನೀರಿನ ಬ್ಯಾಗ್ ತರುತ್ತಾರೆ, ದಯವಿಟ್ಟು ತಡೆಯಿರಿ. ಮರಗಟ್ಟಿದ ಪಾದಕ್ಕೆ ಸುಡುವುದು ಗೊತ್ತಾಗಲ್ಲ. ಹಾಗೆ ಬೊಬ್ಬೆ ಎದ್ದ ಪಾದಗಳನ್ನೂ ನೋಡಿದ್ದೇನೆ.