‘ಡೂಮ್’ ಆಟದೊಳಗೆ ಸಿಕ್ಕ ಮರ

ಕಳೆದ ರಜೆಯಲ್ಲಿ ಗುರುಗುಂಟಾದ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ‘ಡಾಟಾ ಸ್ಟ್ರಕ್ಚರ್ಸ್’ ವಿಷಯದಲ್ಲಿ ಫೇಲಾಗಿ, ಮತ್ತೆ ಪರೀಕ್ಷೆ ಬರೆಯಬೇಕಿತ್ತು. ಆದರೆ ನಾನು ಪರದೆಯ ಮೇಲೆ ದೆವ್ವಗಳಿಗೆ ಗುಂಡು ಹಾರಿಸುತ್ತಿದ್ದೆ. ‘ಪರೀಕ್ಷಿ ಇಟ್ಕೊಂಡು ಆಟ ಆಡ್ಕೋತ ಕುಂತಿಯಲ್ಲೋ, ನಾಳೆ ಇದು ನಿನಗ ನೌಕರಿ ಕೊಡ್ತದೇನು?’ ಎಂದರು ಅಪ್ಪ. ನನ್ನ ಬಳಿ ಉತ್ತರ ಇರಲಿಲ್ಲ.

ಆ ಆಟ ‘ಡೂಮ್’. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ 1993ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ್ದು. ನಾನು ಹುಟ್ಟುವುದಕ್ಕೂ ಹತ್ತು ವರ್ಷಕ್ಕಿಂತ ಹಿಂದಿನ ಮಾತು. ಮಂಗಳ ಗ್ರಹದ ಉಪಗ್ರಹಗಳಾದ ಫೋಬೋಸ್, ಡೀಮೋಸ್‌ಗಳಲ್ಲಿ ನಡೆಯುವ ಕತೆ. ಹೊಸ ಆಟಗಳು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ. ಇದು ಮಾತ್ರ ಸರಾಗವಾಗಿ ಓಡುತ್ತದೆ. ಏಕೆಂದರೆ ಇದನ್ನು ಬರೆದದ್ದೇ 386 ಪ್ರೊಸೆಸರ್, 4 ಎಂಬಿ ಮೆಮೊರಿಯ ಕಾಲದ ಕಂಪ್ಯೂಟರುಗಳಿಗಾಗಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊವೇ ಅಷ್ಟಿರುತ್ತದೆ.

ಅಷ್ಟು ಸಣ್ಣ ಯಂತ್ರದಲ್ಲಿ ಇಷ್ಟು ವೇಗ ಹೇಗೆ ಬಂತು? ಹುಡುಕುತ್ತ ಹೋದಾಗ ಸಿಕ್ಕ ಉತ್ತರ, ನಾನು ಫೇಲಾದ ಪಾಠವೇ: ಬೈನರಿ ಟ್ರೀ! ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಇದರಲ್ಲಿ ‘ಬೈನರಿ ಸ್ಪೇಸ್ ಪಾರ್ಟಿಷನಿಂಗ್’ ಎಂಬ ವಿಧಾನ ಬಳಸಿದ್ದರು. ಹೊಲದ ಪಾಲು ನೆನೆಸಿಕೊಳ್ಳಿ. ಮೊದಲು ಒಂದು ಬದು ಹಾಕಿ ಎರಡು ಭಾಗ, ಪ್ರತಿ ಭಾಗಕ್ಕೂ ಮತ್ತೊಂದು ಬದು, ಮತ್ತೆ ಎರಡು. ಆಟದ ನಕ್ಷೆಯನ್ನೂ ಮೊದಲೇ ಹೀಗೆ ಹೋಳು ಮಾಡಿಟ್ಟಿರುತ್ತಾರೆ. ಆಟಗಾರ ಬದುವಿನ ಯಾವ ಕಡೆ ನಿಂತಿದ್ದಾನೆಂದು ತಿಳಿದರೆ ಸಾಕು, ಹತ್ತಿರದ ಗೋಡೆ ಯಾವುದು, ಅದರ ಹಿಂದಿನದು ಯಾವುದು ಎಂಬ ಕ್ರಮ ತಾನಾಗಿ ಸಿಗುತ್ತದೆ. ಮರೆಯಾದ ಗೋಡೆಗಳನ್ನು ಚಿತ್ರಿಸುವ ಶ್ರಮವೇ ಉಳಿಯುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದ ಮರ ಕಣ್ಣೆದುರೇ ಕೆಲಸ ಮಾಡುತ್ತಿತ್ತು.

1997ರಲ್ಲಿ ಕಂಪನಿ ಈ ಆಟದ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಇಳಿಸಿಕೊಂಡೆ. ‘ಸಿ’ ಭಾಷೆಯ ಸಾವಿರಾರು ಸಾಲು. ಎರಡು ರಾತ್ರಿ ಕಂಪೈಲ್ ಕೂಡ ಆಗಲಿಲ್ಲ. ಮೂರನೇ ದಿನ ಆಟ ತೆರೆದಾಗ ಸಣ್ಣದೊಂದು ಬದಲಾವಣೆ ಮಾಡಿದೆ. ಆರಂಭದಲ್ಲಿ ಆಟಗಾರನಿಗೆ ಸಿಗುವ 50 ಗುಂಡುಗಳ ಸಾಲನ್ನು ಹುಡುಕಿ 200 ಮಾಡಿದೆ. ಪರದೆಯಲ್ಲಿ 200 ಕಂಡಾಗ ಆದ ಖುಷಿ ಯಾವ ದೆವ್ವವನ್ನು ಕೊಂದಾಗಲೂ ಆಗಿರಲಿಲ್ಲ.

ನಾವು ಲ್ಯಾಬಿನಲ್ಲಿ ಮ್ಯಾನುಯಲ್ ನೋಡಿ ಐವತ್ತು ಸಾಲಿನ ಪ್ರೋಗ್ರಾಂ ಬರೆಯುತ್ತೇವೆ, ಔಟ್‌ಪುಟ್ ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಬೇರೆಯವರು ಬರೆದ ದೊಡ್ಡ ಪ್ರೋಗ್ರಾಂ ಒಂದನ್ನೂ ಓದುವುದಿಲ್ಲ. ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನು ಕೇಳಿದರೆ, ದಿನದ ಬಹುಪಾಲು ಇನ್ಯಾರೋ ಬರೆದ ಕೋಡ್ ಓದುವುದರಲ್ಲೇ ಹೋಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಒಂದು ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಆದರೂ ‘ಒಂದು ಹಳೆಯ ಪ್ರೋಗ್ರಾಂ ಓದಿ, ತಿದ್ದಿ, ವಿವರಿಸಿ’ ಎಂದಿರಬಾರದೇಕೆ?

ಆಟಕ್ಕೆ ಅಂಟಿಕೊಳ್ಳಿ ಎಂದು ಹೇಳುತ್ತಿಲ್ಲ. ಅದರಲ್ಲಿ ನಾನು ಕಳೆದುಕೊಂಡ ರಾತ್ರಿಗಳೂ ಇವೆ. ಮರುಪರೀಕ್ಷೆಯಲ್ಲಿ ಪಾಸಾದದ್ದು ಪುಸ್ತಕ ಓದಿದ್ದರಿಂದಲೇ. ಆದರೆ ಆ ಪುಸ್ತಕ ಯಾಕೆ ಓದಬೇಕೆಂದು ತಿಳಿದದ್ದು ಆಟವನ್ನು ಬಿಚ್ಚಿ ನೋಡಿದ್ದರಿಂದ. ನಮ್ಮ ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಕೋಡ್ ಓದುವುದೂ ಹಾಗೆಯೇ. ನನಗೆ ಇನ್ನೂ ಬಹುಪಾಲು ಅರ್ಥವಾಗಿಲ್ಲ.

ಆ ದಿನ ಅಪ್ಪನನ್ನು ಕರೆದು 200 ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಮಂದಿ ಮಾಡಿದ್ದನ್ನ ತಿದ್ದೀದಿ. ನಿಂದು ಯಾವಾಗ ಮಾಡ್ತಿ?’ ಎಂದರು. ಈಗ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ.